ಟಿವಿ ಬಾಕ್ಸ್ ಆನ್ ಮಾಡಿದರೆ ಸ್ಮಾರ್ಟ್ ಬಲ್ಬ್‌ಗಳು ಆಫ್‌ಲೈನ್ ಆಗುತ್ತವೆ, ಏನು ಮಾಡಲಿ?

ನೀವು ಬರೆದಿರುವುದು ಇಷ್ಟು: ಟಿವಿ ಬಾಕ್ಸ್ ಆನ್ ಆದ ಸ್ವಲ್ಪ ಹೊತ್ತಿಗೆ ಹಾಲ್‌ನ ಕೆಲವು ಬಲ್ಬ್‌ಗಳು ಆ್ಯಪ್‌ನಲ್ಲಿ ‘ಆಫ್‌ಲೈನ್’ ಎಂದು ತೋರಿಸುತ್ತವೆ, ಬಾಕ್ಸ್ ಆಫ್ ಮಾಡಿದರೆ ತಾವಾಗಿಯೇ ಮರಳಿ ಬರುತ್ತವೆ. ಅರ್ಧ ಬಲ್ಬ್‌ಗಳು ನೇರ ವೈಫೈನವು, ಉಳಿದವು ಜಿಗ್‌ಬೀ (ಸ್ಮಾರ್ಟ್ ಸಾಧನಗಳು ಹಬ್ ಮೂಲಕ ಮಾತಾಡುವ ರೇಡಿಯೊ ಸಂಪರ್ಕ) ಹಬ್‌ನವು. ರೌಟರ್, ಹಬ್, ಬಾಕ್ಸ್ ಮೂರೂ ಟಿವಿ ಸ್ಟ್ಯಾಂಡ್ ಮೇಲೇ ಇವೆ. ಬಲ್ಬ್‌ಗಳನ್ನೆಲ್ಲ ರೀಸೆಟ್ ಮಾಡಿ ಹೊಸದಾಗಿ ಸೇರಿಸಬೇಕೇ ಎಂದು ಕೇಳಿದ್ದೀರಿ.

ಬೇಡ, ದಯವಿಟ್ಟು ರೀಸೆಟ್ ಮಾಡಬೇಡಿ. ಬಾಕ್ಸ್ ಆಫ್ ಮಾಡಿದರೆ ಬಲ್ಬ್ ಮರಳಿ ಬರುತ್ತಿದೆ ಎಂದ ಮೇಲೆ ಬಲ್ಬ್ ಸರಿಯಾಗಿಯೇ ಇದೆ. ರೀಸೆಟ್ ಮಾಡಿದರೆ ಗ್ರೂಪ್, ಟೈಮರ್, ಸೀನ್ ಎಲ್ಲವೂ ಹೋಗುತ್ತವೆ, ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ. ಇದರ ಹಿಂದೆ ಮೂರು ಬೇರೆ ಬೇರೆ ಕಾರಣಗಳು ಇರಬಹುದು: ಒಂದೇ ಐಪಿ ಅಡ್ರೆಸ್‌ಗೆ (ನೆಟ್‌ವರ್ಕ್‌ನಲ್ಲಿ ಸಾಧನದ ವಿಳಾಸ) ಇಬ್ಬರು ಹಕ್ಕುದಾರರು, 2.4 ಗಿಗಾಹರ್ಟ್ಸ್ ರೇಡಿಯೊ ಬ್ಯಾಂಡ್‌ನಲ್ಲಿ ದಟ್ಟಣೆ, ಅಥವಾ ಲೈವ್ ಚಾನೆಲ್‌ನ ಮಲ್ಟಿಕಾಸ್ಟ್ (ಒಂದೇ ಸಲ ಒಂದು ಗುಂಪಿಗೆ ಕಳಿಸುವ ಡೇಟಾ) ಪ್ರವಾಹ. ಆ್ಯಪ್‌ಗೆ ಈ ಮೂರರ ವ್ಯತ್ಯಾಸ ಗೊತ್ತಾಗುವುದಿಲ್ಲ, ಎಲ್ಲಕ್ಕೂ ‘ಆಫ್‌ಲೈನ್’ ಎಂದೇ ಬರೆಯುತ್ತದೆ. ಹಾಗಾಗಿ ಯಾವ ಸೆಟ್ಟಿಂಗ್ ಮುಟ್ಟುವ ಮೊದಲೂ ಇದು ಮೂರರಲ್ಲಿ ಯಾವುದು ಎಂದು ಪತ್ತೆ ಮಾಡಿಕೊಳ್ಳಿ.

ಮೊದಲ ಸುಳಿವು ನಿಮ್ಮ ಕಣ್ಣೆದುರೇ ಇದೆ. ಹೋಗುವುದು ಯಾವ ಬಲ್ಬ್? ಪ್ರತಿ ಸಲವೂ ಅದೇ ಒಂದು ವೈಫೈ ಬಲ್ಬ್ ಹೋಗುತ್ತಿದ್ದರೆ ಅಡ್ರೆಸ್ ಜಗಳ. ಜಿಗ್‌ಬೀ ಬಲ್ಬ್‌ಗಳೂ ಸೇರಿ ಒಮ್ಮೆ ಇದು, ಒಮ್ಮೆ ಅದು ತಡವರಿಸುತ್ತಿದ್ದರೆ ರೇಡಿಯೊ ತೊಂದರೆ. ವೈಫೈ ಬಲ್ಬ್‌ಗಳೆಲ್ಲ ಒಟ್ಟಿಗೇ ಹೋದರೆ, ಅದೂ ಲೈವ್ ಚಾನೆಲ್ ಹಾಕಿದಾಗ ಮಾತ್ರ, ಮಲ್ಟಿಕಾಸ್ಟ್.

ಅಡ್ರೆಸ್ ಜಗಳವನ್ನು ಖಚಿತ ಮಾಡಿಕೊಳ್ಳಲು ಎರಡು ನಿಮಿಷ ಸಾಕು. ರೌಟರ್ ಪುಟದಲ್ಲಿ ಅಥವಾ ಬಲ್ಬ್‌ನ ಆ್ಯಪ್‌ನಲ್ಲಿ ಆ ಬಲ್ಬ್‌ನ ಐಪಿ ನೋಡಿಕೊಳ್ಳಿ, 192.168.1.57 ಎಂದಿಟ್ಟುಕೊಳ್ಳಿ. ಬಾಕ್ಸ್ ಆನ್ ಇರಲಿ. ಗೋಡೆಯ ಸ್ವಿಚ್‌ನಲ್ಲಿ ಬಲ್ಬ್‌ನ ಕರೆಂಟನ್ನೇ ತೆಗೆಯಿರಿ. ಅದೇ ನೆಟ್‌ವರ್ಕ್‌ನಲ್ಲಿರುವ ಕಂಪ್ಯೂಟರ್‌ನಿಂದ ಆ ಅಡ್ರೆಸ್‌ಗೆ ಪಿಂಗ್ (‘ಇದ್ದೀಯಾ?’ ಎಂದು ಕೇಳುವ ಸಂದೇಶ) ಕೊಡಿ. ಕರೆಂಟೇ ಇಲ್ಲದ ಬಲ್ಬ್ ಉತ್ತರ ಕೊಡುವುದು ಸಾಧ್ಯವಿಲ್ಲ. ಉತ್ತರ ಬಂತೆಂದರೆ ಆ ಅಡ್ರೆಸ್‌ನಲ್ಲಿ ಇನ್ನೊಬ್ಬರು ಕೂತಿದ್ದಾರೆ. ಕೆಲವು ಬಾಕ್ಸ್‌ಗಳು ಪಿಂಗ್‌ಗೆ ಉತ್ತರಿಸುವುದಿಲ್ಲ. ಆದ್ದರಿಂದ ಪಿಂಗ್ ಮಾಡಿದ ಕೂಡಲೇ ಕಂಪ್ಯೂಟರ್‌ನ ಎಆರ್‌ಪಿ ಪಟ್ಟಿಯನ್ನೂ (ಯಾವ ಐಪಿ ಯಾವ ಸಾಧನದ್ದು ಎಂದು ತೋರಿಸುವ ಪಟ್ಟಿ) ತೆರೆದು, 57ರ ಎದುರು ಯಾವ ಮ್ಯಾಕ್ ಅಡ್ರೆಸ್ (ಸಾಧನದ ಹಾರ್ಡ್‌ವೇರ್ ಗುರುತು) ಇದೆ ನೋಡಿ. ಬಾಕ್ಸ್‌ನ ನೆಟ್‌ವರ್ಕ್ ಮಾಹಿತಿಯಲ್ಲಿ ಕಾಣುವ ಮ್ಯಾಕ್ ಅದೇ ಆಗಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಇದು ಹೇಗಾಗುತ್ತದೆ ಅನ್ನುವುದು ಮುಖ್ಯ, ಇಲ್ಲದಿದ್ದರೆ ಸರಿ ಮಾಡಿದ ಮೇಲೂ ಮತ್ತೆ ಬರುತ್ತದೆ. ಎಷ್ಟೋ ಮನೆ ರೌಟರ್‌ಗಳು ಯಾರಿಗೆ ಯಾವ ಅಡ್ರೆಸ್ ಕೊಟ್ಟಿದ್ದೇವೆ ಎಂಬ ಪಟ್ಟಿಯನ್ನು ರೀಸ್ಟಾರ್ಟ್ ಆದ ಕೂಡಲೇ ಮರೆತುಬಿಡುತ್ತವೆ. ಬಾಕ್ಸ್ ಆಗ ಸ್ಟ್ಯಾಂಡ್‌ಬೈನಲ್ಲಿ ಮಲಗಿರುತ್ತದೆ. ಹೊಸದಾಗಿ ಅಡ್ರೆಸ್ ಕೇಳಿದ ಬಲ್ಬ್‌ಗೆ ರೌಟರ್ ಖಾಲಿ ಇದೆ ಎಂದುಕೊಂಡು ಬಾಕ್ಸ್‌ನ ಅಡ್ರೆಸ್ಸನ್ನೇ ಕೊಡುತ್ತದೆ. ರಾತ್ರಿ ಎದ್ದ ಬಾಕ್ಸ್ ತನಗೆ ಅಡ್ರೆಸ್ ಕೊಟ್ಟ ಅವಧಿ ಇನ್ನೂ ಮುಗಿದಿಲ್ಲ ಎಂದು ಹಳೆಯ ಅಡ್ರೆಸ್ಸನ್ನೇ ಹಿಡಿದುಕೊಳ್ಳುತ್ತದೆ. ಇನ್ನೊಂದು ದಾರಿ, ಯಾರೋ ಬಾಕ್ಸ್‌ನಲ್ಲಿ ಕೈಯಾರೆ ಸ್ಟ್ಯಾಟಿಕ್ (ಬದಲಾಗದ) ಐಪಿ ಹಾಕಿ, ಅದು ರೌಟರ್ ಹಂಚುವ ವ್ಯಾಪ್ತಿಯೊಳಗೇ ಬಿದ್ದಿರುವುದು.

ಪರಿಹಾರಕ್ಕೆ ಬಾಕ್ಸ್‌ನ ಐಪಿ ಸೆಟ್ಟಿಂಗನ್ನು ‘ಆಟೊಮ್ಯಾಟಿಕ್’ಗೆ ತನ್ನಿ. ರೌಟರ್‌ನ ಡಿಎಚ್‌ಸಿಪಿ (ಅಡ್ರೆಸ್ ಹಂಚುವ ವ್ಯವಸ್ಥೆ) ಪುಟದಲ್ಲಿ ‘ಅಡ್ರೆಸ್ ರಿಸರ್ವೇಶನ್’ಗೆ ಹೋಗಿ ಬಾಕ್ಸ್‌ಗೂ ಹಬ್‌ಗೂ ಒಂದೊಂದು ಅಡ್ರೆಸ್ ಕಾಯ್ದಿರಿಸಿ. ಇಲ್ಲಿ ಎಡವುವ ಜಾಗ ಎರಡು. ಬಾಕ್ಸ್‌ನ ವೈಫೈಗೂ ಲ್ಯಾನ್ ಪೋರ್ಟ್‌ಗೂ ಬೇರೆ ಬೇರೆ ಮ್ಯಾಕ್ ಇರುತ್ತದೆ. ವೈಫೈ ಮ್ಯಾಕ್‌ಗೆ ಕಾಯ್ದಿರಿಸಿ ಕೇಬಲ್ ಚುಚ್ಚಿದರೆ ಪ್ರಯೋಜನವಿಲ್ಲ. ಹಾಗೆಯೇ ಕೆಲವು ಬಾಕ್ಸ್‌ಗಳಲ್ಲಿ ‘ರ್‍ಯಾಂಡಮ್ ಮ್ಯಾಕ್’ ಆನ್ ಇರುತ್ತದೆ, ಮನೆಯ ವೈಫೈ ಮಟ್ಟಿಗೆ ಅದನ್ನು ಆಫ್ ಮಾಡಿ. ಕೊನೆಗೆ ರೌಟರ್ ಮೊದಲು, ಅದು ಪೂರ್ತಿ ಎದ್ದ ಮೇಲೆ ಬಾಕ್ಸ್, ಆಮೇಲೆ ಬಲ್ಬ್‌ಗಳು, ಈ ಕ್ರಮದಲ್ಲಿ ಕರೆಂಟ್ ತೆಗೆದು ಕೊಡಿ. ಬಾಕ್ಸನ್ನು ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು, ಪ್ಲಗ್ ತೆಗೆಯಬೇಕು.

ಎಲ್ಲವೂ ಒಂದೇ ಸ್ಟ್ಯಾಂಡ್ ಮೇಲಿದೆ ಎಂದಿರುವುದರಿಂದ ನನಗೆ ಹೆಚ್ಚು ಅನುಮಾನ ಇರುವುದು ರೇಡಿಯೊ ಮೇಲೆ. ವೈಫೈ ಬಲ್ಬ್‌ಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಒಂದನ್ನೇ ಬಲ್ಲವು. ಜಿಗ್‌ಬೀ ಕೂಡ ಅಲ್ಲೇ, ಬಾಕ್ಸ್‌ನ ಬ್ಲೂಟೂತ್ ರಿಮೋಟ್ ಕೂಡ ಅಲ್ಲೇ. ಬಾಕ್ಸ್ ಕೂಡ 2.4ರಲ್ಲೇ ಕೂತು 4ಕೆ ಎಳೆಯತೊಡಗಿದರೆ ಉಳಿದವರಿಗೆ ಮಾತಾಡಲು ಸಂದು ಸಿಗುವುದಿಲ್ಲ. ಬಲ್ಬ್ ಹೋಗುವ ಹೊತ್ತಿಗೇ ರಿಮೋಟ್ ಒತ್ತಿದ್ದು ತಡವಾಗಿ ತಗಲುತ್ತಿದ್ದರೆ ಇದು ಬಹುಮಟ್ಟಿಗೆ ಖಾತ್ರಿ.

ಪರೀಕ್ಷೆ ಸುಲಭ. ಬಾಕ್ಸ್‌ಗೆ ಲ್ಯಾನ್ ಕೇಬಲ್ ಹಾಕಿ, ಅದರ ವೈಫೈ ಆಫ್ ಮಾಡಿ, ಅದೇ ಕಾರ್ಯಕ್ರಮ ಅರ್ಧ ಗಂಟೆ ನೋಡಿ. ಬಲ್ಬ್‌ಗಳು ಗಟ್ಟಿಯಾಗಿ ನಿಂತರೆ ಕೇಬಲನ್ನು ಹಾಗೇ ಬಿಟ್ಟುಬಿಡಿ, ಅದಕ್ಕಿಂತ ಒಳ್ಳೆಯ ಪರಿಹಾರವಿಲ್ಲ. ಕೇಬಲ್ ಸಾಧ್ಯವಿಲ್ಲದಿದ್ದರೆ ಬಾಕ್ಸನ್ನು 5 ಗಿಗಾಹರ್ಟ್ಸ್‌ಗೆ ಕಳಿಸಿ. ಎರಡು ಬ್ಯಾಂಡ್‌ಗೂ ಒಂದೇ ಹೆಸರಿದ್ದರೆ ಬೇರ್ಪಡಿಸಿ, ಆದರೆ ಈಗಿರುವ ಹೆಸರು ಮತ್ತು ಪಾಸ್‌ವರ್ಡ್ 2.4ಕ್ಕೇ ಉಳಿಯಲಿ, ಹೊಸ ಹೆಸರು 5ಕ್ಕೆ ಕೊಡಿ. ತಿರುಗಾಮುರುಗಾ ಮಾಡಿದರೆ ಪ್ರತಿ ಬಲ್ಬನ್ನೂ ಮತ್ತೆ ಸೇರಿಸುವ ಕೆಲಸ ತಲೆಗೆ ಬರುತ್ತದೆ. ಅದೇ ಪುಟದಲ್ಲಿ 2.4ರ ಚಾನೆಲ್ ಅಗಲವನ್ನು 40ರಿಂದ 20 ಮೆಗಾಹರ್ಟ್ಸ್‌ಗೆ ಇಳಿಸಿ, ಚಾನೆಲನ್ನು ‘ಆಟೊ’ದಿಂದ ತೆಗೆದು 1, 6, 11ರಲ್ಲಿ ಒಂದಕ್ಕೆ ಕಟ್ಟಿಹಾಕಿ. ಭದ್ರತೆ ಡಬ್ಲ್ಯುಪಿಎ3 ಮಾತ್ರ ಎಂದಿದ್ದರೆ ಹಳೆಯ ಬಲ್ಬ್‌ಗಳು ಸೇರುವುದೇ ಇಲ್ಲ, 2.4ಕ್ಕೆ ಡಬ್ಲ್ಯುಪಿಎ2 ಇರಲಿ.

ಜಿಗ್‌ಬೀ ಚಾನೆಲ್ ಆರಿಸುವಾಗ ಸಂಖ್ಯೆಗಳು ಮೋಸ ಮಾಡುತ್ತವೆ. ವೈಫೈ 11 ಮತ್ತು ಜಿಗ್‌ಬೀ 11 ಒಂದೇ ಜಾಗದಲ್ಲಿಲ್ಲ. ಜಿಗ್‌ಬೀ 11 ಇರುವುದು 2405 ಮೆಗಾಹರ್ಟ್ಸ್‌ನಲ್ಲಿ, ಅಂದರೆ ವೈಫೈ 1ರ ಹೊಟ್ಟೆಯೊಳಗೆ. ಜಿಗ್‌ಬೀ 15 (2425) ವೈಫೈ 1 ಮತ್ತು 6ರ ಸಂದಿಯಲ್ಲಿದೆ, 20 (2450) ವೈಫೈ 6 ಮತ್ತು 11ರ ಸಂದಿಯಲ್ಲಿ, 25 (2475) ವೈಫೈ 11 ಮುಗಿದ ಮೇಲೆ. ನಾನಾದರೆ ವೈಫೈಯನ್ನು 1ಕ್ಕೆ, ಜಿಗ್‌ಬೀಯನ್ನು 25ಕ್ಕೆ ಇಡುತ್ತೇನೆ. ಬದಲಿಸುವಾಗ ಎಲ್ಲ ಜಿಗ್‌ಬೀ ಬಲ್ಬ್‌ಗಳಿಗೂ ಗೋಡೆಯ ಸ್ವಿಚ್ ಆನ್ ಇರಲೇಬೇಕು, ಕರೆಂಟ್ ಇಲ್ಲದ ಬಲ್ಬ್‌ಗೆ ಹೊಸ ಚಾನೆಲ್‌ನ ಸುದ್ದಿ ಮುಟ್ಟದೆ ಹೋಗಬಹುದು. ಕೆಲವು ಹಬ್‌ಗಳಲ್ಲಿ ಚಾನೆಲ್ ಬದಲಿಸಿದರೆ ಎಲ್ಲವನ್ನೂ ಮತ್ತೆ ಸೇರಿಸಬೇಕಾಗುತ್ತದೆ, ಕೈಪಿಡಿ ಓದಿಯೇ ಒತ್ತಿ.

ಇದಕ್ಕೂ ಮೊದಲು ಹಬ್ಬನ್ನು ಟಿವಿ ಹಿಂದಿನಿಂದ ಎತ್ತಿ, ರೌಟರ್‌ನಿಂದಲೂ ಬಾಕ್ಸ್‌ನಿಂದಲೂ ಕನಿಷ್ಠ ಒಂದು ಮೀಟರ್ ದೂರ ಇಡಿ. ಎಷ್ಟೋ ಸಲ ಇಷ್ಟಕ್ಕೇ ಕೆಲಸ ಮುಗಿಯುತ್ತದೆ. ಬಾಕ್ಸ್‌ಗೆ ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಚುಚ್ಚಿದ್ದೀರಾ ಎಂಬುದನ್ನೂ ನೋಡಿ. ಯುಎಸ್‌ಬಿ 3ರ ಕೇಬಲ್ ಮತ್ತು ಕನೆಕ್ಟರ್‌ಗಳು 2.4 ಗಿಗಾಹರ್ಟ್ಸ್ ವ್ಯಾಪ್ತಿಯಲ್ಲೇ ಗದ್ದಲ ಸೂಸುತ್ತವೆ, ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ಡಿಸ್ಕ್ ತೆಗೆದು ಒಂದು ಸಂಜೆ ನೋಡಿ. ನಿಮ್ಮದು ಯುಎಸ್‌ಬಿಗೆ ಚುಚ್ಚುವ ಜಿಗ್‌ಬೀ ಡಾಂಗಲ್ ಆಗಿದ್ದರೆ ಒಂದು ಮೀಟರ್‌ನ ಯುಎಸ್‌ಬಿ 2 ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ದೂರ ಎಳೆಯಿರಿ.

ಇನ್ನೊಂದು ಮಾತು: ಕರೆಂಟಿನಲ್ಲಿ ನಡೆಯುವ ಜಿಗ್‌ಬೀ ಬಲ್ಬ್‌ಗಳು ಸಾಮಾನ್ಯವಾಗಿ ಒಂದರ ಸಂದೇಶ ಇನ್ನೊಂದಕ್ಕೆ ದಾಟಿಸುತ್ತವೆ. ಟಿವಿ ನೋಡಲು ಕೂರುವಾಗ ಯಾರಾದರೂ ಹಾಲ್ ದೀಪವನ್ನು ಗೋಡೆಯ ಸ್ವಿಚ್‌ನಲ್ಲೇ ಆರಿಸುತ್ತಿದ್ದರೆ ಅದರಾಚೆಯ ಬಲ್ಬ್‌ಗಳೂ ತಪ್ಪಿಹೋಗುತ್ತವೆ. ಆಗ ಬಾಕ್ಸ್ ಮೇಲೆ ಸುಮ್ಮನೆ ಆರೋಪ.

ಇನ್ನು ಮಲ್ಟಿಕಾಸ್ಟ್. ಬಾಕ್ಸ್ ಇಂಟರ್ನೆಟ್ ಕಂಪನಿಯೇ ಕೊಟ್ಟದ್ದಾಗಿದ್ದು, ಲೈವ್ ಚಾನೆಲ್‌ಗಳು ಐಪಿಟಿವಿಯಲ್ಲಿ (ಇಂಟರ್ನೆಟ್ ಲೈನ್‌ನಲ್ಲೇ ಬರುವ ಟಿವಿ) ಬರುತ್ತಿದ್ದರೆ ಮಾತ್ರ ಇದನ್ನು ಓದಿ. ಯೂಟ್ಯೂಬ್, ನೆಟ್‌ಫ್ಲಿಕ್ಸ್‌ನ ವಿಡಿಯೊ ನೇರ ಬಾಕ್ಸ್‌ಗೆ ಮಾತ್ರ ಬರುತ್ತದೆ. ಐಪಿಟಿವಿಯ ಲೈವ್ ಚಾನೆಲ್ ಸಾಮಾನ್ಯವಾಗಿ ಗುಂಪಿನ ವಿಳಾಸಕ್ಕೆ ಬರುತ್ತದೆ, ಮತ್ತು ರೌಟರ್‌ನಲ್ಲಾಗಲಿ ನೆಟ್‌ವರ್ಕ್ ಸ್ವಿಚ್‌ನಲ್ಲಾಗಲಿ (ಲ್ಯಾನ್ ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆ) ‘ಐಜಿಎಂಪಿ ಸ್ನೂಪಿಂಗ್’ (ಕೇಳಿದವರಿಗೆ ಮಾತ್ರ ಮಲ್ಟಿಕಾಸ್ಟ್ ಕಳಿಸುವ ಸೌಲಭ್ಯ) ಆಫ್ ಇದ್ದರೆ ಅದು ಎಲ್ಲ ಪೋರ್ಟ್‌ಗಳಿಗೂ, ವೈಫೈಗೂ ಹರಿಯುತ್ತದೆ. ವೈಫೈನಲ್ಲಿ ಮಲ್ಟಿಕಾಸ್ಟ್ ಹೋಗುವುದು ಅತಿ ನಿಧಾನದ ವೇಗದಲ್ಲಿ, 2.4ರಲ್ಲಿ ಅದು 1 ಎಂಬಿಪಿಎಸ್ ಕೂಡ ಆಗಿರಬಹುದು. ಆ ದಾರಿಯಲ್ಲಿ 8 ಎಂಬಿಪಿಎಸ್ ಚಾನೆಲ್ ನುಗ್ಗಿಸಿದರೆ ಬಲ್ಬ್‌ಗಳು ಸಂಪರ್ಕ ಕಳೆದುಕೊಳ್ಳದೆ ಇನ್ನೇನಾದೀತು? ಯೂಟ್ಯೂಬ್ ಹಾಕಿದಾಗ ಸರಿ, ಲೈವ್ ಹಾಕಿದಾಗ ಕೆಟ್ಟರೆ ಇದೇ ಕಾರಣ. ರೌಟರ್‌ನಲ್ಲೂ ನಡುವಿನ ಸ್ವಿಚ್‌ನಲ್ಲೂ ಸ್ನೂಪಿಂಗ್ ಆನ್ ಮಾಡಿ. ನಡುವೆ ಅಗ್ಗದ ಅನ್‌ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಿಸಲಾಗದ) ಸ್ವಿಚ್ ಇದ್ದರೆ ಅದನ್ನು ಬಿಟ್ಟು ಬಾಕ್ಸ್‌ನ ಕೇಬಲನ್ನು ನೇರ ರೌಟರ್‌ಗೆ ತನ್ನಿ.

ಸ್ನೂಪಿಂಗ್ ಆನ್ ಮಾಡಿದ ಮೇಲೆ ಚಾನೆಲ್ ಚೆನ್ನಾಗಿ ಬಂದು ನಾಲ್ಕು ನಿಮಿಷಕ್ಕೆ ನಿಂತುಹೋದರೆ, ಅಥವಾ ಹಬ್ ಆ್ಯಪ್‌ನಲ್ಲಿ ಕಂಡು ಅಷ್ಟೇ ಹೊತ್ತಿಗೆ ಮಾಯವಾದರೆ ಗಾಬರಿ ಬೇಡ. ಗುಂಪಿನಲ್ಲಿ ಯಾರಿದ್ದೀರಿ ಎಂದು ಆಗಾಗ ಕೇಳುವ ‘ಐಜಿಎಂಪಿ ಕ್ವೆರಿಯರ್’ ನೆಟ್‌ವರ್ಕ್‌ನಲ್ಲಿಲ್ಲ ಎಂದರ್ಥ. ಕೇಳುವವರಿಲ್ಲದಿದ್ದರೆ ಸದಸ್ಯತ್ವ ಸಾಮಾನ್ಯವಾಗಿ 260 ಸೆಕೆಂಡಿಗೆ ಅಳಿಸಿಹೋಗುತ್ತದೆ. ರೌಟರ್‌ನಲ್ಲಿ ಅಥವಾ ಮ್ಯಾನೇಜ್ಡ್ ಸ್ವಿಚ್‌ನಲ್ಲಿ, ಒಂದೇ ಕಡೆ, ಕ್ವೆರಿಯರ್ ಆನ್ ಮಾಡಿದರೆ ಸರಿಹೋಗುತ್ತದೆ.

ಮೂರೂ ಅಲ್ಲ ಎಂದಾದರೆ ಬಲ್ಬ್‌ನ ಮತ್ತು ಬಾಕ್ಸ್‌ನ ಐಪಿ ಅಕ್ಕಪಕ್ಕ ಬರೆದು ನೋಡಿ. ಒಂದು 192.168.0ರಿಂದ, ಇನ್ನೊಂದು 192.168.1ರಿಂದ ಶುರುವಾಗಿದ್ದರೆ ಮನೆಯಲ್ಲಿ ಎರಡು ರೌಟರ್‌ಗಳು ಅಡ್ರೆಸ್ ಹಂಚುತ್ತಿರಬಹುದು. ಎರಡನೆಯದನ್ನು ಆ್ಯಕ್ಸೆಸ್ ಪಾಯಿಂಟ್ (ಅಡ್ರೆಸ್ ಹಂಚದೆ ವೈಫೈ ಮಾತ್ರ ಕೊಡುವ) ಮೋಡ್‌ಗೆ ಹಾಕಿ. ಅದೂ ಸರಿಯಿದ್ದರೆ ಎಆರ್‌ಪಿ ಪಟ್ಟಿಯನ್ನು ಬಾಕ್ಸ್ ಆನ್ ಇದ್ದಾಗ ಒಮ್ಮೆ, ಆಫ್ ಇದ್ದಾಗ ಒಮ್ಮೆ ತೆಗೆದು, ರೌಟರ್ ಮಾದರಿಯ ಜೊತೆ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.