ಬನ್ನಿ ಕೊಟ್ಟರೂ ಹೋಗದ ಸಿಟ್ಟು

"ಕ್ಷಮಿಸೋದು ಕಲಿಸ್ರಿ ಮೇಡಂ, ಭಾಳ ಹಟಾ ಮಾಡ್ತಾಳ." ಈ ಮಾತು ಹೇಳಿಕೊಂಡು ಮಕ್ಕಳನ್ನು ನನ್ನ ಬಳಿ ಆಪ್ತಸಲಹೆಗೆ ಕರೆತರುವ ತಾಯಂದಿರು ಹೆಚ್ಚುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಧಾರವಾಡದ ಕಡೆಯ ಹುಡುಗಿ, ಎರಡನೇ ತರಗತಿ. ಜೀವದ ಗೆಳತಿಯ ಜೊತೆ ಟೂ ಬಿಟ್ಟು ತಿಂಗಳುಗಳಾಗಿದ್ದವು. ಬೆಳಗಾದರೆ ಹೊಟ್ಟೆನೋವು, ಶಾಲೆ ಬೇಡವೆಂಬ ಅಳು. ಈಕೆ ತರಗತಿಯಲ್ಲಿ ಉಚ್ಚೆ ಮಾಡಿಕೊಂಡಿದ್ದನ್ನು ಗೆಳತಿ ಕೂಗಿ ಹೇಳಿ ನಕ್ಕಿದ್ದಳು. ಮರುದಿನ ಟೀಚರ್ ಆ ಹುಡುಗಿಯನ್ನು ಎಲ್ಲರೆದುರು ನಿಲ್ಲಿಸಿ ಸಾರಿ ಹೇಳಿಸಿದ್ದರು. ದಸರಾದಲ್ಲಿ ತಾಯಿಯೂ "ಬನ್ನಿ ಕೊಟ್ಟು ಬಂಗಾರದ್ಹಂಗ ಇರ್ರಿ" ಎಂದು ಇಬ್ಬರನ್ನೂ ಕೂಡಿಸಿ ನೋಡಿದ್ದರು.

ಎರಡನೇ ಭೇಟಿಯಲ್ಲಿ ಹಾಳೆ ಕೊಟ್ಟು, ನಿನ್ನ ತರಗತಿ ಬರಿ ಅಂದೆ. ಬೆಂಚುಗಳನ್ನು ಬರೆದಳು, ಒಂದೊಂದರ ಮೇಲೂ ದುಂಡು ತಲೆ. ಕೊನೆಯ ಬೆಂಚಿನ ಎರಡು ತಲೆಗಳನ್ನು ಮಾತ್ರ ಪೆನ್ಸಿಲ್ ಒತ್ತಿ ಒತ್ತಿ ಕಪ್ಪು ಮಾಡಿದಳು.

"ಇವರ್‍ಯಾರವ್ವಾ?"

"ಆವತ್ತ ಇವರಿಬ್ರೂ ಸಾಲಿಗೆ ಬಂದಿದ್ದಿಲ್ರಿ. ಆಕಿ ಸಾರಿ ಅಂದಾಗ ಇವರಿಗೂ ಗೊತ್ತಾತು."

ಸ್ವಲ್ಪ ಹೊತ್ತು ಬಿಟ್ಟು ಅಂದಳು: "ಎಲ್ಲಾರೂ ಆಕಿಗೆ ಚಪ್ಪಾಳಿ ಹೊಡದ್ರು. ನನ್ನ ಯಾರೂ ಏನೂ ಕೇಳಲಿಲ್ಲ."

ತಾಯಿ ಪಕ್ಕದಲ್ಲೇ ಇದ್ದರು. ಮಗಳ ಸಿಟ್ಟು ಗೆಳತಿಯ ಮೇಲಷ್ಟೇ ಅಲ್ಲ, ಆ ಸಾರಿಯ ಮೇಲೂ ಇದೆ ಎಂದು ಅವರಿಗೆ ಆಗಲೇ ಹೊಳೆದದ್ದು. ಮುಚ್ಚಿಡಬೇಕೆಂದು ಮಗು ಹಂಬಲಿಸಿದ ಸಂಗತಿಯನ್ನು ದೊಡ್ಡವರೇ ಇನ್ನೊಮ್ಮೆ ಬಯಲಿಗೆ ತಂದಿದ್ದರು.

ನಾನು ಹೇಳಿದ್ದು ಇಷ್ಟು: ಆ ಗೆಳತಿಯ ಹೆಸರನ್ನು ಮನೆಯಲ್ಲಿ ನೀವಾಗಿ ಎತ್ತಬೇಡಿ. "ಅಷ್ಟಕ್ಕೇ ಇಷ್ಟ್ಯಾಕ?" ಅನ್ನಬೇಡಿ. ಅವತ್ತು ಎಷ್ಟು ನಾಚಿಕೆಯಾಗಿತ್ತು ಎಂದು ಮಗಳನ್ನು ಕೇಳಿ, ಪೂರ್ತಿ ಹೇಳಲು ಬಿಡಿ. ಈ ವಿಷಯ ಇನ್ನು ತರಗತಿಯಲ್ಲಿ ಬರಬಾರದು, ಕೇಳಿದ ಕೂಡಲೇ ಶೌಚಕ್ಕೆ ಬಿಡಬೇಕು ಎಂದು ಟೀಚರ್ ಬಳಿ ಮಾತಾಡಿ. ಹುಡುಗಿಗೆ ಮಾತ್ರ ಒಂದು ವಾಕ್ಯ ಕಲಿಸಿದೆ, ಮನಸ್ಸಾದಾಗ ಗೆಳತಿಗೆ ಹೇಳಲು: "ನೀ ಹಂಗ ಹೇಳಿದ್ದು ನನಗ ಭಾಳ ಬ್ಯಾಸರಾತು, ಇನ್ನ ಹೇಳಬ್ಯಾಡ."

ಮಕ್ಕಳಿಗೆ ಹಗೆ ಸಾಧಿಸಲು ಕಲಿಸುತ್ತೀರಿ ಎಂದು ನನ್ನನ್ನು ಆಕ್ಷೇಪಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಏಳು ವರ್ಷದ ಮಗು ದೊಡ್ಡವರ ಕಣ್ಣಿಗೆ ಹೆದರಿ ಕೈಕುಲುಕಿದರೆ ಅದು ಕಲಿಯುವುದು ನೋವನ್ನು ನುಂಗುವುದನ್ನು. ಕ್ಷಮೆಯ ಬಗ್ಗೆ ದಶಕಗಳಿಂದ ಕೆಲಸ ಮಾಡಿರುವ, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಶಾಲಾಮಕ್ಕಳಿಗೂ ಅದರ ಪಾಠ ರೂಪಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಎನ್‌ರೈಟ್, ಕ್ಷಮಿಸುವುದೇ ಬೇರೆ, ಮತ್ತೆ ಒಂದಾಗುವುದೇ ಬೇರೆ ಎನ್ನುತ್ತಾರೆ. ಪದೇ ಪದೇ ಹೊಡೆಯುವ, ಹಂಗಿಸುವ ಮಕ್ಕಳಿರುವ ಕಡೆಯಂತೂ ಮೊದಲು ಅದನ್ನು ನಿಲ್ಲಿಸುವುದು ದೊಡ್ಡವರ ಕೆಲಸ. ಕ್ಷಮೆಯ ಮಾತು ಆಮೇಲೆ. ಆ ಗೆಳತಿಯೂ ಏಳು ವರ್ಷದವಳೇ. ಅವಳಿಗೆ ಬೇಕಿದ್ದದ್ದು ಟೀಚರ್ ಪಕ್ಕಕ್ಕೆ ಕರೆದು ಹೇಳುವ ನಾಲ್ಕು ಮಾತು.

ಹೊಟ್ಟೆನೋವು ಈಗ ಅಪರೂಪ. ಆ ವಾಕ್ಯವನ್ನು ಹುಡುಗಿ ಒಂದು ದಿನ ನೀರಿನ ನಲ್ಲಿಯ ಹತ್ತಿರ ಹೇಳಿದಳಂತೆ. ಗೆಳತಿ "ಹ್ಞೂಂ" ಅಂದಳಂತೆ. ಈಗ ಕೂಡಿ ಆಡುತ್ತಾರೆ, ಆದರೆ ಒಂದೇ ಬೆಂಚಿನಲ್ಲಿ ಕೂರುವುದಿಲ್ಲ. "ಹಂಗಾರ ಪೂರ್ತಿ ಕ್ಷಮಿಸಿಲ್ಲೇನ್ರಿ?" ಎಂದು ತಾಯಿ ಕೇಳಿದರು. ಯಾರ ಪಕ್ಕ ಕೂರಬೇಕೆಂಬುದನ್ನು ಅವಳಿಗೇ ಬಿಡಿ ಅಂದೆ.