ಅತ್ತೆಯ ಕೈರುಚಿ, ಸೊಸೆಯ ಲೇಬಲ್ಲು

ಪ್ರಶ್ನೆ: ನನಗೆ 36 ವರ್ಷ. ಸಾಗರದ ಹತ್ತಿರದ ಹಳ್ಳಿಯಲ್ಲಿ ಕೂಡು ಕುಟುಂಬ. ಲಾಕ್‌ಡೌನ್ ಸಮಯದಲ್ಲಿ ಸುಮ್ನೆ ಹವ್ಯಾಸಕ್ಕೆ ಮೊಟ್ಟೆ ಹಾಕದ ಕೇಕ್ ಮಾಡಲು ಶುರು ಮಾಡಿದೆ. ನಿಧಾನಕ್ಕೆ ಆರ್ಡರ್ ಬರತೊಡಗಿದವು. ಅತ್ತೆ ಮಾಡುವ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಅನಾನಸ್ ಜಾಮನ್ನೂ ನನ್ನ ಹೆಸರಿನ ಇನ್‌ಸ್ಟಾಗ್ರಾಮ್ ಪೇಜಿನಲ್ಲೇ ಮಾರುತ್ತೇನೆ. ಈಗ ಕೇಕಿಗಿಂತ ಅವೇ ಜಾಸ್ತಿ ಹೋಗುತ್ತವೆ. ಪ್ಯಾಕಿಂಗ್‌ಗೆ ಓರಗಿತ್ತಿ ಕೈ ಜೋಡಿಸುತ್ತಾಳೆ. ಹಬ್ಬಕ್ಕೆ ಇಬ್ಬರಿಗೂ ಒಳ್ಳೆಯ ಸೀರೆ ಕೊಡುತ್ತೇನೆ. ಮೊನ್ನೆ ಒಂದು ಉಪನಯನದ ಮನೆಯಲ್ಲಿ ಅತ್ತೆ ನಾಲ್ಕು ಜನರ ಎದುರು, "ನಾನೀಗ ಸೊಸೆ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದೇನೆ. ಸಂಬಳ ಇಲ್ಲ, ಊಟ ತಿಂಡಿ ಇದೆ" ಎಂದರು. ಎಲ್ಲರೂ ನಕ್ಕರು. ನನಗೆ ಮುಖ ಎತ್ತಲು ಆಗಲಿಲ್ಲ. ಅವರಿಗೆ ದುಡ್ಡು ಕೊಡಲೇ ಎಂದು ಗಂಡನನ್ನು ಕೇಳಿದರೆ, "ಅಮ್ಮನಿಗೆ ಯಾರಾದ್ರೂ ಕೂಲಿ ಕೊಡ್ತಾರಾ?" ಎನ್ನುತ್ತಾರೆ. ಇದರ ಮಧ್ಯೆ ಗಿರಾಕಿಗಳು ಸಿಹಿ ಕಡಿಮೆ ಇರಲಿ ಅಂದರೆಂದು ಈ ಸಲ ಜಾಮಿಗೆ ಸಕ್ಕರೆ ಕಡಿಮೆ ಹಾಕಿದೆವು. ಕೆಲವು ಬಾಟಲಿಗಳಲ್ಲಿ ಬೂಷ್ಟು ಬಂತು. "ಮೇಲಿಂದ ತೆಗೆದು ತಿಂದರಾಯ್ತು" ಎನ್ನುತ್ತಾರೆ ಅತ್ತೆ. ಅವರದ್ದು ಎಲ್ಲವೂ ಕಣ್ಣಳತೆ. ಹೇಳಿದರೆ ನೊಂದುಕೊಳ್ಳುತ್ತಾರೆ. ಹೊರಗಿನ ಇಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡು ಅತ್ತೆಯನ್ನು ಇದರಿಂದ ಬಿಡಿಸಿಬಿಡಲೇ?
– ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ವಿಷಯ ಇವೆ. ಒಂದು ದುಡ್ಡು, ಇನ್ನೊಂದು ಬೂಷ್ಟು. ಇವೆರಡನ್ನೂ ಒಂದೇ ದಿನ ಮಾತಾಡಲು ಹೋಗಬೇಡಿ. ದುಡ್ಡಿನ ಮಾತು ಮೊದಲು ಮುಗಿಯಲಿ. ಅದು ಇತ್ಯರ್ಥ ಆಗದೆ ಜಾಮಿನ ವಿಷಯ ಎತ್ತಿದರೆ, ನೀವು ಎಷ್ಟೇ ನಯವಾಗಿ ಹೇಳಿದರೂ ಅತ್ತೆಗೆ ಕೇಳಿಸುವುದು ಒಂದೇ: ದುಡಿಸಿಕೊಂಡದ್ದೂ ಅಲ್ಲದೆ ಈಗ ಹೆಸರಿಡಲೂ ಶುರು ಮಾಡಿದಳು.

ಉಪನಯನದ ಮನೆಯಲ್ಲಿ ಅವರು ಆಡಿದ್ದು ತಮಾಷೆಯೇ ಇರಬಹುದು. ಆದರೆ ನಮ್ಮ ಮನೆಗಳಲ್ಲಿ ಹಿರಿಯ ಹೆಂಗಸರು ದುಡ್ಡಿನ ಮಾತನ್ನು ಬೇರೆ ಹೇಗೆ ತಾನೇ ಆಡಬೇಕು? ನೇರವಾಗಿ ಕೇಳಿದರೆ ಆಸೆಬುರುಕಿ ಅನ್ನಿಸಿಕೊಳ್ಳುತ್ತಾರೆ. ಕೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ನಗಿಸುತ್ತಾ ಹೇಳುತ್ತಾರೆ. ಸಂಬಳ ಇಲ್ಲ ಎನ್ನುವುದು ಸುಳ್ಳೂ ಅಲ್ಲವಲ್ಲ. ನಿಮಗೆ ಅವಮಾನ ಆಗಿದ್ದು ಅರ್ಥವಾಗುತ್ತದೆ. ಆದರೆ ನಾಲ್ಕು ಜನರ ಎದುರು ಯಾಕೆ ಹೇಳಿದರು ಅನ್ನುವುದನ್ನು ಹಿಡಿದುಕೊಂಡು ಕೂರಬೇಡಿ. ಹೇಳಿದ್ದು ಏನು ಅನ್ನುವುದನ್ನು ನೋಡಿ.

ಹೊರಗಿನ ಇಬ್ಬರನ್ನು ಇಟ್ಟುಕೊಳ್ಳುವ ಯೋಚನೆ ಬಂದಿದೆ ಅಲ್ವಾ? ಅವರಿಗೆ ದಿನಕ್ಕೆ ಎಷ್ಟು ಕೊಡಬೇಕಾಗುತ್ತಿತ್ತು ಎಂದು ನಿಮಗೆ ಚೆನ್ನಾಗಿ ಗೊತ್ತು. ಅಂದರೆ ಈ ಕೆಲಸಕ್ಕೆ ಬೆಲೆ ಇದೆ ಎನ್ನುವುದೂ ಗೊತ್ತು. ಅತ್ತೆ ಮಾಡಿದಾಗ ಮಾತ್ರ ಅದು ಸೊನ್ನೆ ಆಗುತ್ತದೆ.

ಅದೇನು ಸಣ್ಣ ಕೆಲಸವೂ ಅಲ್ಲ. ಹಲಸಿನ ಹಪ್ಪಳವನ್ನೇ ತೆಗೆದುಕೊಳ್ಳಿ. ಬಲಿತ ಕಾಯಿಯನ್ನೇ ನೋಡಿ ಕೊಯ್ಯಿಸಬೇಕು. ಕೈಗೆ ಎಣ್ಣೆ ಹಚ್ಚಿಕೊಂಡು ಮೇಣ ಬಿಡಿಸಿ, ತೊಳೆ ತೆಗೆದು, ಬೀಜ ಬೇರೆ ಮಾಡಿ ಬೇಯಿಸಬೇಕು. ಬಿಸಿ ಇರುವಾಗಲೇ ಕುಟ್ಟಿ ಉಂಡೆ ಕಟ್ಟಬೇಕು. ಒಂದೊಂದನ್ನೇ ಒತ್ತಿ ಬಿಸಿಲಿಗೆ ಹಾಕಿ, ಮೋಡ ಕಂಡರೆ ಓಡಿ ಹೋಗಿ ಎತ್ತಿಡಬೇಕು. ಮಿಡಿಯದ್ದು ಇನ್ನೊಂದು ಕಥೆ. ಕೆಳಗೆ ಬಿದ್ದು ಪೆಟ್ಟಾದದ್ದು ನಡೆಯುವುದಿಲ್ಲ, ತೊಟ್ಟು ಇರುವುದನ್ನೇ ಆರಿಸಬೇಕು. ಕಲ್ಲುಪ್ಪಿನಲ್ಲಿ ಚಿರುಟುವ ತನಕ ಕಾಯಬೇಕು. ಆಮೇಲೆ ಸಾಸಿವೆ, ಮೆಣಸಿನ ಹದ. ಕೇಕ್ ಸುಲಭ ಅನ್ನುತ್ತಿಲ್ಲ, ಕೋಪ ಮಾಡಿಕೊಳ್ಳಬೇಡಿ. ಆದರೆ ಕೇಕಿನಲ್ಲಿ ಅರ್ಧ ಕೆಲಸವನ್ನು ಬೀಟರ್ ಮತ್ತು ಓವನ್ ಮಾಡುತ್ತವೆ. ಅತ್ತೆಯ ಕಡೆ ಎಲ್ಲವೂ ಅವರ ಕೈ, ಸೊಂಟ, ಮಂಡಿಯೇ ಮಾಡಬೇಕು.

ನಿಮ್ಮ ಯಜಮಾನರು ಕೂಲಿ ಅನ್ನುವ ಶಬ್ದ ಹಿಡಿದು ಮಾತು ಮುಗಿಸಿಬಿಟ್ಟಿದ್ದಾರೆ. ಕೂಲಿ ಕೊಡಿ ಎಂದು ನಾನೂ ಹೇಳುವುದಿಲ್ಲ. ಪಾಲು ಕೊಡಿ. ಉಪ್ಪಿನಕಾಯಿ, ಹಪ್ಪಳ, ಜಾಮಿಗೆ ಬೇರೆ ಪುಸ್ತಕ ಇಡಿ. ಹಣ್ಣು, ಸಕ್ಕರೆ, ಎಣ್ಣೆ, ಗ್ಯಾಸು, ಬಾಟಲಿ, ಕೊರಿಯರ್, ಓರಗಿತ್ತಿಯ ಪ್ಯಾಕಿಂಗ್ ಎಲ್ಲ ಕಳೆದು ಉಳಿದದ್ದರಲ್ಲಿ ಅರ್ಧ ಅತ್ತೆಗೆ. ಗಿರಾಕಿ ಹುಡುಕಿ, ಫೋನ್ ತೆಗೆದು, ಪಾರ್ಸೆಲ್ ಕಳಿಸುವವರು ನೀವು. ನಿಮ್ಮ ಅರ್ಧ ಅದಕ್ಕೆ. ಕೇಕಿನದ್ದು ಪೂರ್ತಿ ನಿಮ್ಮದೇ. ಓರಗಿತ್ತಿಗೆ ಪಾರ್ಸೆಲ್‌ಗೆ ಇಷ್ಟು ಎಂದು ಗೊತ್ತು ಮಾಡಿ, ತಿಂಗಳ ಕೊನೆಗೆ ತಪ್ಪದೆ ಕೊಡಿ. ಅವಳು ಬಾಯಿ ಬಿಟ್ಟು ಕೇಳಿಲ್ಲ ಎಂದು ಬಿಡಬೇಡಿ. ಮುಂದಿನ ಉಪನಯನ ಅವಳ ತವರಿನಲ್ಲೇ ಇರಬಹುದು!

ಸೀರೆ ಈ ಲೆಕ್ಕಕ್ಕೆ ಬರುವುದಿಲ್ಲ. ಹಬ್ಬಕ್ಕೆ ಸೀರೆ ಕೊಡುವುದು ಸೊಸೆ. ಪಾಲು ಕೊಡಬೇಕಾದವಳು ವ್ಯಾಪಾರ ಮಾಡುವವಳು. ಎರಡೂ ನೀವೇ ಆದ್ದರಿಂದ ಗೊಂದಲ ಆಗಿದೆ, ಅಷ್ಟೇ.

ಅತ್ತೆ ಮೊದಲ ಸಲಕ್ಕೆ ಖಂಡಿತ ಬೇಡ ಅನ್ನುತ್ತಾರೆ. "ನಂಗೆಂತಕ್ಕೆ ದುಡ್ಡು, ನೀವೆಲ್ಲ ಇಲ್ವಾ" ಅನ್ನಬಹುದು. ಅದನ್ನೇ ಉತ್ತರ ಎಂದುಕೊಂಡು ನಿಟ್ಟುಸಿರು ಬಿಟ್ಟು ಬರಬೇಡಿ. ಕೈಗೆ ನೋಟು ಕೊಟ್ಟರೆ ಅದು ಮತ್ತೆ ಮನೆ ಸಾಮಾನಿಗೋ ಮೊಮ್ಮಕ್ಕಳ ಚಾಕಲೇಟಿಗೋ ಹೋಗುತ್ತದೆ. ಅವರ ಹೆಸರಿನಲ್ಲೇ ಬ್ಯಾಂಕಿನಲ್ಲೋ ಪೋಸ್ಟಾಫೀಸಿನಲ್ಲೋ ಖಾತೆ ಇರಲಿ, ಪಾಸ್‌ಬುಕ್ ಅವರ ಕಪಾಟಿನಲ್ಲಿರಲಿ. ಅದನ್ನು ಮಾವನಿಗೋ ಮಗನಿಗೋ ತೋರಿಸುವುದು ಬಿಡುವುದು ಅವರ ಇಷ್ಟ. ಯಜಮಾನರಿಗೆ ವಿಷಯ ತಿಳಿಸಿ, ಆದರೆ ಅಪ್ಪಣೆ ಕೇಳುತ್ತಾ ಕೂರಬೇಡಿ. ಅವರ ಅಮ್ಮನಿಗೆ ದುಡ್ಡು ಬಂದರೆ ಅವರು ಎಷ್ಟು ದಿನ ಮುಖ ಊದಿಸಿಕೊಂಡು ಇರುತ್ತಾರೆ?

ಇಷ್ಟು ಹೇಳುವಾಗ ಇನ್ನೊಂದನ್ನೂ ಕೇಳಿ: "ಅತ್ತೆ, ನಿಮಗೆ ಇಷ್ಟೆಲ್ಲ ಮಾಡಲು ಆಗುತ್ತಾ?" ನಾನೂ ನೀವೂ ದುಡ್ಡಿನದ್ದೇ ಬೇಸರ ಅಂದುಕೊಂಡಿದ್ದೇವೆ. ಆರ್ಡರ್ ಜಾಸ್ತಿ ಆಗಿ ಅವರಿಗೆ ಸಾಕಾಗಿದೆಯೋ ಏನೋ. ಹಪ್ಪಳ ಬೇಡ, ಮಿಡಿ ಮಾತ್ರ ಮಾಡುತ್ತೇನೆ ಅಂದರೆ ಒಪ್ಪಿಕೊಳ್ಳಿ. ಹೊರಗಿನವರನ್ನು ಕರೆಯುವುದಿದ್ದರೆ ಆಗ ಕರೆಯಿರಿ, ಕುಟ್ಟುವುದಕ್ಕೆ, ಒತ್ತುವುದಕ್ಕೆ. ಹದ ಹೇಳುವವರು ಅತ್ತೆಯೇ ಇರಲಿ.

ಇನ್ನು ಹೆಸರಿನ ವಿಷಯ. ಪೇಜು ನಿಮ್ಮ ಹೆಸರಿನಲ್ಲಿದೆ ಎಂದು ನೀವೇ ಬರೆದಿದ್ದೀರಿ. ಇನ್ನು ಮೇಲೆ ಮಿಡಿ ಬಾಟಲಿಯ ಮೇಲೆ ಅವರ ಹೆಸರೂ ಬರಲಿ. ಲೇಬಲ್ಲನ್ನು ಹೇಗೂ ಸರಿ ಮಾಡಿಸಬೇಕಾಗುತ್ತದೆ. ಮನೆಯಲ್ಲೇ ಮಾಡಿ ಮಾರಿದರೂ ಎಫ್ಎಸ್ಎಸ್ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಬಾಟಲಿಯ ಮೇಲೆ ಆ ನಂಬರು, ತಯಾರಿಸಿದ ದಿನ, ಬ್ಯಾಚು, ಏನೇನು ಹಾಕಿದೆ, ತಯಾರಿಸಿದವರ ವಿಳಾಸ ಇರಬೇಕು. ನಿಮ್ಮ ಪತ್ರದಲ್ಲಿ ಇದರ ಸುದ್ದಿ ಇಲ್ಲ. ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ. ಆನ್‌ಲೈನಿನಲ್ಲೇ ಆಗುತ್ತದೆ.

ಪಾಲಿನ ದುಡ್ಡು ಒಂದು ಸಲ ಖಾತೆಗೆ ಬಿದ್ದ ಮೇಲೆ ಬೂಷ್ಟಿನ ಮಾತು ಎತ್ತಿ. ಅದಕ್ಕೆ ಮೊದಲು ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ. ಸಿಹಿ ಕಡಿಮೆ ಇರಲಿ ಎಂಬ ಸುದ್ದಿಯನ್ನು ಒಲೆಯ ಹತ್ತಿರ ತಂದವರು ಯಾರು? ಫೋನ್ ಇರುವುದು ನಿಮ್ಮ ಕೈಯಲ್ಲಿ. ಕಣ್ಣಳತೆಯ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ.

ಜಾಮಿನಲ್ಲಿ ಸಕ್ಕರೆ ಇರುವುದು ಬರೀ ಸಿಹಿಗಲ್ಲ. ಹಣ್ಣಿನ ನೀರನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಬೂಷ್ಟಿಗೆ ಸಿಗದ ಹಾಗೆ ಮಾಡುತ್ತದೆ. ಅದಕ್ಕೇ ನಮ್ಮ ದೇಶದ ಕಾನೂನಿನಲ್ಲಿ ಜಾಮ್ ಅನ್ನಿಸಿಕೊಳ್ಳಲು ನೂರಕ್ಕೆ 65 ಭಾಗವಾದರೂ ಕರಗಿದ ಘನಾಂಶ ಇರಬೇಕು ಎಂದಿದೆ. ಅದರಲ್ಲಿ ಹೆಚ್ಚಿನದು ಸಕ್ಕರೆಯೇ. ಇದನ್ನು ಅತ್ತೆಗೆ ಅಂಕಿ ಹೇಳಿ ಒಪ್ಪಿಸಬೇಕಿಲ್ಲ. "ಮಿಡಿಗೆ ಉಪ್ಪು ಅರ್ಧ ಹಾಕಿ ಎಂದು ಗಿರಾಕಿ ಕೇಳಿದರೆ ಹಾಕುತ್ತೀರಾ?" ಎಂದು ಕೇಳಿ. ನಗುತ್ತಾರೆ. ಮಿಡಿಯಲ್ಲಿ ಉಪ್ಪು ಮಾಡುವ ಕೆಲಸವನ್ನೇ ಜಾಮಿನಲ್ಲಿ ಸಕ್ಕರೆ ಮಾಡುತ್ತದೆ ಎಂದರೆ ನಿಮಗಿಂತ ಬೇಗ ಅವರಿಗೆ ಅರ್ಥವಾಗುತ್ತದೆ. ವರ್ಷಗಟ್ಟಲೆ ಕೆಡದ ಹಾಗೆ ಮಿಡಿ ಹಾಕುವವರಿಗೆ ಇದು ಹೊಸ ವಿದ್ಯೆಯಲ್ಲ.

ತೂಕ ಮಾಡಿ ಹಾಕೋಣ ಎಂದು ಕೇಳುವುದಕ್ಕೂ ಅದೇ ಸರಿಯಾದ ಹೊತ್ತು. ಕೇಕಿಗೆ ನೀವು ಇಟ್ಟುಕೊಂಡ ತಕ್ಕಡಿ ಇರುತ್ತದಲ್ಲ, ಅದೇ ಸಾಕು. ಹಣ್ಣಿನ ತಿರುಳಿನಷ್ಟೇ ತೂಕ ಸಕ್ಕರೆ ಹಾಕಿ, ಗಟ್ಟಿಯಾಗುವ ತನಕ ಕಾಯಿಸಿ. ಜಾಮನ್ನು ಗಟ್ಟಿ ಮಾಡುವ ಪೆಕ್ಟಿನ್ ಎಂಬ ಅಂಶ ಅನಾನಸ್ಸಿನಲ್ಲಿ ಕಡಿಮೆ, ಆದ್ದರಿಂದ ನಿಂಬೆರಸದ ಜೊತೆ ಅಂಗಡಿಯ ಪೆಕ್ಟಿನ್ ಪುಡಿ ಹಾಕಿ, ಇಲ್ಲವೇ ಸ್ವಲ್ಪ ಪೇರಳೆ ಸೇರಿಸಿ. ಜಾಮ್ 105 ಡಿಗ್ರಿಗೆ ಬಂದರೆ ಆಯಿತು ಎನ್ನುವುದು ಸಮುದ್ರ ಮಟ್ಟದ ಲೆಕ್ಕ. ಮಲೆನಾಡಿನ ಎತ್ತರದಲ್ಲಿ ಎರಡು ಡಿಗ್ರಿ ಮೊದಲೇ ಆಗುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ತಣ್ಣನೆಯ ತಟ್ಟೆಗೆ ಒಂದು ಹನಿ ಬಿಟ್ಟು ಬೆರಳಿನಿಂದ ದೂಡಿ. ಮೇಲೆ ಸುಕ್ಕು ಕಟ್ಟಿದರೆ ಇಳಿಸಬಹುದು. ಬಾಟಲಿಯನ್ನು ಹತ್ತು ನಿಮಿಷ ಕುದಿಯುವ ನೀರಿನಲ್ಲಿಟ್ಟು ಪೂರ್ತಿ ಒಣಗಿಸಿ, ಬಿಸಿ ಜಾಮನ್ನೇ ತುಂಬಿ ಮುಚ್ಚಿ. ಮಳೆಗಾಲದಲ್ಲಿ ಸೌಟಿನ ಒಂದು ಹನಿ ನೀರೂ ಸಾಕು ಕೆಡಿಸಲು. ಸಕ್ಕರೆ ಬೇಡ ಎನ್ನುವ ಗಿರಾಕಿಗಳಿಗೆ ಸಣ್ಣ ಬಾಟಲಿ ಮಾಡಿ, ಫ್ರಿಜ್ಜಿನಲ್ಲಿಡಿ, ಬೇಗ ಮುಗಿಸಿ ಎಂದು ಬರೆದು ಊರಿನೊಳಗೆ ಮಾತ್ರ ಕೊಡಿ. ಕೊರಿಯರ್‌ಗೆ ಹಾಕಬೇಡಿ.

ಮೇಲಿಂದ ತೆಗೆದು ತಿನ್ನುವ ವಿಷಯದಲ್ಲಿ ಮಾತ್ರ ಅತ್ತೆಗೆ ಬಿಟ್ಟುಕೊಡಬೇಡಿ. ಕಣ್ಣಿಗೆ ಕಾಣುವ ಬೂಷ್ಟು ಮೇಲಿದ್ದರೂ ಅದರ ಎಳೆ ಮತ್ತು ವಿಷ ಕೆಳಗೂ ಇಳಿದಿರಬಹುದು. ಮನೆಯವರಿಗೂ ಬೇಡ, ದನಕ್ಕೂ ಬೇಡ, ಚೆಲ್ಲಿಬಿಡಿ. ಆ ಬ್ಯಾಚಿನ ಬಾಟಲಿ ತೆಗೆದುಕೊಂಡ ಎಲ್ಲರಿಗೂ ಇವತ್ತೇ ಫೋನ್ ಮಾಡಿ. ಬೂಷ್ಟು ಕಂಡಿರಲಿ, ಕಾಣದಿರಲಿ, ತಿನ್ನಬೇಡಿ ಎಂದು ಹೇಳಿ ದುಡ್ಡು ವಾಪಸ್ ಮಾಡಿ. ಇದಕ್ಕೆ ಮಾತ್ರ ಅತ್ತೆಯ ಜೊತೆಗಿನ ಮಾತು ಮುಗಿಯಲಿ ಎಂದು ಕಾಯಬೇಡಿ. ಆ ನಷ್ಟವನ್ನು ನಿಮ್ಮ ಪಾಲಿನಲ್ಲೇ ಬರೆದುಕೊಳ್ಳಿ, ಅತ್ತೆಯ ಪಾಲಿನಲ್ಲಿ ಬೇಡ.