ಐದು ಕಡಲತೀರಗಳ ಪಟ್ಟಿ ಮತ್ತು ಅಪ್ಪನ ನಕಾಶೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

79 ವರ್ಷದ ತಂದೆ ಮತ್ತು 48 ವರ್ಷದ ಮಗಳು ನನ್ನ ಬಳಿಗೆ ಬಂದದ್ದು ಇನ್ನೂ ಹೊರಡದ ಪ್ರವಾಸವೊಂದರ ಜಗಳದಿಂದಾಗಿ. ತಂದೆ ನಿವೃತ್ತ ಸೈನಿಕರು. ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು, ಮಿತ್ರಪಡೆಗಳು ಬಂದಿಳಿದ ಫ್ರಾನ್ಸಿನ ನಾರ್ಮಂಡಿ ತೀರವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅವರ ಬಹುಕಾಲದ ಆಸೆ. ಅದನ್ನು ಈಡೇರಿಸಲು ಮಗಳು ತಿಂಗಳುಗಟ್ಟಲೆ ಸಿದ್ಧತೆ ನಡೆಸಿ, ಟಿಕೆಟ್ ಕಾಯ್ದಿರಿಸುವ ಹೊತ್ತಿಗೆ ಅವರು "ನನಗೆ ಬೇಡ, ನೀನೇ ಹೋಗಿ ಬಾ" ಎಂದುಬಿಟ್ಟಿದ್ದರು.

ಮಗಳು ತಂದಿದ್ದ ಪಟ್ಟಿಯನ್ನು ನೋಡಿದೆ. ಯೂಟಾ, ಒಮಾಹಾ, ಗೋಲ್ಡ್, ಜೂನೊ, ಸ್ವೋರ್ಡ್ ಎಂಬ ಐದೂ ತೀರಗಳು, ಅಂದರೆ ಸುಮಾರು 80 ಕಿಲೋಮೀಟರ್ ಉದ್ದದ ಕರಾವಳಿ, ಎರಡೇ ದಿನಗಳಲ್ಲಿ, ಒಂದೊಂದಕ್ಕೂ ಇಷ್ಟಿಷ್ಟು ನಿಮಿಷ. ಕೊನೆಯಲ್ಲಿ 'ಸಾಮಾನು' ಎಂಬ ಶೀರ್ಷಿಕೆಯಡಿ ಎರಡು ಸೂಟ್‌ಕೇಸು, ಒಂದು ಔಷಧದ ಚೀಲ, 'ಅಪ್ಪ – ಗಾಲಿಕುರ್ಚಿ'. ತಂದೆಯ ದೃಷ್ಟಿ ಆ ಸಾಲಿನಿಂದ ಆಚೆ ಹೋಗಲೇ ಇಲ್ಲ.

ಇಬ್ಬರೊಂದಿಗೂ ಪ್ರತ್ಯೇಕವಾಗಿ ಮಾತನಾಡಿದೆ. ತಂದೆ ಜೇಬಿನಿಂದ ಎಂಟು ಮಡಿಕೆಯ ನಕಾಶೆಯೊಂದನ್ನು ಬಿಡಿಸಿದರು. ಅದರ ತುಂಬ ನೀಲಿ ಶಾಯಿಯ ಸಣ್ಣ ವೃತ್ತಗಳು. ಕಾಳಗ ನಡೆದ ಸ್ಥಳಗಳಿರಬೇಕೆಂದುಕೊಂಡೆ, ಅವು ಶೌಚಾಲಯಗಳು. ರಕ್ತದೊತ್ತಡಕ್ಕೆ ಕೊಟ್ಟ, ಮೂತ್ರ ಹೆಚ್ಚಿಸುವ ಮಾತ್ರೆಯಿಂದಾಗಿ ಅವರಿಗೆ ಬೆಳಗಿನ ಹೊತ್ತು ಗಂಟೆಗೊಮ್ಮೆ ಹೋಗಲೇಬೇಕು. ಹಿಂದೊಮ್ಮೆ ಬಸ್ಸಿನಲ್ಲಿ ತಡೆದುಕೊಳ್ಳಲಾಗದೆ ಬಟ್ಟೆ ಒದ್ದೆಯಾಗಿತ್ತು. ಹೋಗುವುದೇ ಆದರೆ ಮಾತ್ರೆ ಬಿಟ್ಟು, ನೀರು ಕುಡಿಯದೆ ದಿನ ಕಳೆಯಬೇಕೆಂದೂ ಮನಸ್ಸಿನಲ್ಲೇ ತೀರ್ಮಾನಿಸಿದ್ದರು. "ಇದನ್ನೆಲ್ಲ ಮಗಳ ಹತ್ತಿರ ಹೇಗೆ ಹೇಳಲಿ?" ಎಂದರು.

ಮಗಳ ಅವಸರಕ್ಕೂ ಕಾರಣವಿತ್ತು. ತಾಯಿ ಕೇಳಿದ್ದ ಪ್ರವಾಸವೊಂದನ್ನು ಮುಂದಿನ ವರ್ಷ, ಮುಂದಿನ ವರ್ಷ ಎಂದು ಮುಂದೂಡುತ್ತಿದ್ದಾಗಲೇ ಅವರು ತೀರಿಕೊಂಡಿದ್ದರು. ಆ ಬಾಕಿಯೂ ಸೇರಿ ಪಟ್ಟಿ ಉದ್ದವಾಗಿತ್ತು.

ತಂದೆಯ ಒಪ್ಪಿಗೆ ಪಡೆದು ಇಬ್ಬರನ್ನೂ ಒಟ್ಟಿಗೆ ಕೂರಿಸಿದಾಗ ನಕಾಶೆಯ ವಿಷಯವನ್ನು ಅವರೇ ಹೇಳಿದರು. ಅನಂತರ ನಾನು, ಒಂದೇ ಒಂದು ಜಾಗ ನೋಡಲು ಸಾಧ್ಯವೆಂದರೆ ಯಾವುದನ್ನು ಆರಿಸುತ್ತೀರಿ ಎಂದು ಕೇಳಿದೆ. "ಲಾ ಕಾಂಬ್" ಎಂದರು. ಅದು 21,000ಕ್ಕೂ ಹೆಚ್ಚು ಜರ್ಮನ್ ಸೈನಿಕರನ್ನು ಹೂಳಿರುವ ಸ್ಮಶಾನ. ಮಗಳ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. "ಗೆದ್ದವರ ಸ್ಮಾರಕಕ್ಕೆ ಎಲ್ಲರೂ ಹೋಗುತ್ತಾರೆ. ಸೋತ ಕಡೆಯ ಹುಡುಗರನ್ನು ಎಲ್ಲಿ ಮಲಗಿಸಿದ್ದಾರೆ ಅಂತ ನೋಡಬೇಕು" ಎಂದು ಹೇಳಿ ಸುಮ್ಮನಾದರು. ಅವರು ಸ್ವತಃ ಯುದ್ಧ ಕಂಡವರು. ಆ ಮೌನವನ್ನು ಕೆದಕುವುದು ನನಗೆ ಸರಿಯೆನಿಸಲಿಲ್ಲ.

ಮಗಳಿಗೆ ಮೊದಲು ಹೇಳಿದ್ದು ಇದನ್ನೇ: ಇಂಥ ಸ್ಥಳಗಳು ಹಳೆಯ ನೆನಪುಗಳನ್ನು ಎಬ್ಬಿಸಬಹುದು. ರಾತ್ರಿ ನಿದ್ದೆ ಕೆಡಬಹುದು, ಸಣ್ಣ ಮಾತಿಗೂ ಸಿಟ್ಟು ಬರಬಹುದು. "ಏನನ್ನಿಸಿತು ಅಪ್ಪ?" ಎಂದು ಅಲ್ಲೇ ಕೇಳಬೇಡಿ, ಪಕ್ಕದಲ್ಲಿ ಕುಳಿತಿರಿ, ಆ ಮಧ್ಯಾಹ್ನಕ್ಕೆ ಬೇರೇನನ್ನೂ ಇಟ್ಟುಕೊಳ್ಳಬೇಡಿ. ಮನೆಗೆ ಮರಳಿದ ಮೇಲೂ ವಾರಗಟ್ಟಲೆ ಹೀಗೇ ಮುಂದುವರಿದರೆ ಮನೋವೈದ್ಯರನ್ನು ಕಾಣಬೇಕು.

ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ಬಿಡಕೂಡದು. ತೆಗೆದುಕೊಳ್ಳುವ ಹೊತ್ತನ್ನು ಬದಲಿಸಬಹುದೇ ಎಂಬುದನ್ನು ವೈದ್ಯರೇ ಹೇಳಲಿ. ಪ್ರವಾಸ ವಿಮೆಯಲ್ಲಿ ಈಗಿರುವ ಕಾಯಿಲೆಗಳನ್ನು ಮುಚ್ಚಿಡಬಾರದು. ಜೂನ್ 6ರ ಆಸುಪಾಸಿನಲ್ಲಿ ಸಮಾರಂಭಗಳ ಜನಜಂಗುಳಿ ಮತ್ತು ರಸ್ತೆ ನಿರ್ಬಂಧಗಳು ಇರುವುದರಿಂದ ಆ ದಿನಾಂಕದ ಮೋಹ ಬಿಡುವುದೇ ಮೇಲು. ಬೇಯೂ ಪಟ್ಟಣದಲ್ಲಿ ಒಂದೇ ಕಡೆ ತಂಗಿ, ಬೇಕೆಂದಲ್ಲಿ ನಿಲ್ಲಿಸಬಹುದಾದ ಕಾರು ಗೊತ್ತುಮಾಡಿಕೊಂಡು, ಬೆಳಿಗ್ಗೆ ಒಂದು ಸ್ಥಳ ನೋಡಿದರೆ ಸಾಕು. ಒಮಾಹಾ ತೀರದ ಮೇಲಿರುವ ಅಮೆರಿಕನ್ ಸ್ಮಶಾನ ಸುಮಾರು 70 ಹೆಕ್ಟೇರಿನಷ್ಟು ವಿಶಾಲವಾದದ್ದು. ಸಮುದ್ರವನ್ನು ಮೇಲಿನಿಂದಲೇ ನೋಡಬಹುದು, ಮರಳಿಗೆ ಇಳಿಯಲೇಬೇಕೆಂದಿಲ್ಲ. ಪ್ವಾಂತ್ ದು ಓಕ್ ಬಂಡೆಯ ಮೇಲಿನ ನೆಲವೆಲ್ಲ ಬಾಂಬುಗಳು ತೋಡಿದ ಗುಂಡಿಗಳು. ಅಲ್ಲಿ ಮಗಳು ಸುತ್ತಾಡಿ ಬರಲಿ, ತಂದೆ ಹಾದಿಯ ಅಂಚಿನಲ್ಲೇ ನಿಲ್ಲಲಿ. ಅವರ ವಯಸ್ಸಿಗೆ ಹೇಳಿಮಾಡಿಸಿದಂಥದು ಆರೊಮಾಂಶ್ ಎಂಬುದು ನನ್ನ ಅನಿಸಿಕೆ: ದಡದಲ್ಲಿ ಕುಳಿತಲ್ಲಿಂದಲೇ, 1944ರಲ್ಲಿ ಸಮುದ್ರದ ಮೇಲೆ ಕಟ್ಟಿದ ಕೃತಕ ಬಂದರಿನ ಕಾಂಕ್ರೀಟ್ ಅವಶೇಷಗಳು ಕಾಣುತ್ತವೆ. ಆದರೆ ಇಳಿತದ ಹೊತ್ತಿಗೆ ಹೋದರೇ ಚೆನ್ನ, ಹಾಗಾಗಿ ಉಬ್ಬರವಿಳಿತದ ವೇಳಾಪಟ್ಟಿಯನ್ನು ಮೊದಲೇ ನೋಡಿಕೊಳ್ಳಬೇಕು.

ಮೂರು ವಾರಗಳ ಬಳಿಕ ಹೊಸ ಪಟ್ಟಿಯೊಂದಿಗೆ ಬಂದರು. ಸ್ವೋರ್ಡ್ ಮತ್ತು ಜೂನೊ ತೀರಗಳನ್ನು ತಂದೆಯೇ ಹೊಡೆದುಹಾಕಿದ್ದರು. ಶೌಚಾಲಯಗಳಿಗೆ ಮಗಳು ಒಂದು ಕಾಲಂ ಸೇರಿಸಿದ್ದರು. ಲಾ ಕಾಂಬ್‌ನ ಎದುರು ಸಮಯದ ಜಾಗ ಖಾಲಿಯಿತ್ತು. ಗಾಲಿಕುರ್ಚಿಯ ಮಾತು ಇನ್ನೂ ಇತ್ಯರ್ಥವಾಗಿಲ್ಲ. ವಿಮಾನ ನಿಲ್ದಾಣದ ಮಟ್ಟಿಗೆ ಮಾತ್ರ ಅವರು ಒಪ್ಪಿದ್ದಾರೆ.